ನಿಶ್ಚಿತಾರ್ಥಕ್ಕೆ ಯಾರನ್ನು ಕರೆಯಬೇಕು, ಹೇಗೆ ಕರೆಯಬೇಕು?

ಪ್ರಶ್ನೆ: ನಮ್ಮದು ಮೈಸೂರು, ಹುಡುಗನ ಕಡೆಯವರು ಹುಬ್ಬಳ್ಳಿ. ಮುಂದಿನ ತಿಂಗಳು ಭಾನುವಾರ ನಿಶ್ಚಿತಾರ್ಥ. ಹಾಲ್‌ನಲ್ಲಿ 100 ಜನಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಅಪ್ಪನ ಪಟ್ಟಿಯೇ 150 ದಾಟಿದೆ. ಯಾರಿಗೂ ಬೇಜಾರಾಗದ ಹಾಗೆ ಏನು ಮಾಡಬಹುದು? ವಾಟ್ಸಾಪ್‌ನಲ್ಲಿ ಕರೆದರೆ ಸಾಕಾ?

ಮಗಳ ಮದುವೆ ಮಾಡಿದ ತಾಯಿ:
ಮೊದಲು ಬೀಗರನ್ನು ಕೇಳಮ್ಮ, ಅವರ ಕಡೆಯಿಂದ ಎಷ್ಟು ಜನ ಬರುತ್ತಾರೆ ಅಂತ. ಆ ಸಂಖ್ಯೆ ತಿಳಿಯದೆ ನಿಮ್ಮ ಪಟ್ಟಿ ಮುಟ್ಟಬೇಡ. ಆಮೇಲೆ ಅಪ್ಪನ ಜೊತೆ ಕೂತು ಒಂದು ಗೆರೆ ಹಾಕಿಕೊಳ್ಳಿ. ನಾವು ಅಜ್ಜ ಅಜ್ಜಿಯ ಮಕ್ಕಳು, ಮೊಮ್ಮಕ್ಕಳು ಮಾತ್ರ ಅಂತ ಮಾಡಿದೆವು. ಗೆರೆ ಹಾಕಿದ ಮೇಲೆ ಎಲ್ಲರಿಗೂ ಅದೇ. ಒಬ್ಬ ಚಿಕ್ಕಪ್ಪನನ್ನು ಕರೆದು ಇನ್ನೊಬ್ಬರನ್ನು ಬಿಟ್ಟರೆ ಆ ನೋವು ಬೇಗ ಹೋಗುವುದಿಲ್ಲ.

ಸೋದರಮಾವ, ಅತ್ತೆಯಂದಿರು, ವಯಸ್ಸಾದವರು, ಇವರ ಮನೆಗೆ ಹೋಗಿ ಕುಂಕುಮ ಕೊಟ್ಟೇ ಕರೆಯಬೇಕು. ದೂರದಲ್ಲಿದ್ದರೆ ಅಪ್ಪ ಅಮ್ಮ ಇಬ್ಬರೂ ಫೋನಿನಲ್ಲಿ ಮಾತಾಡಲಿ. ವಾಟ್ಸಾಪ್ ಕಾರ್ಡ್ ಆಮೇಲೆ ಬರಲಿ, ವಿಳಾಸಕ್ಕೆ ಅನುಕೂಲ. ಗೆಳೆಯರಿಗೆ ಅದೊಂದೇ ಸಾಕು. ಮತ್ತೆ, ಕಾರ್ಡಿನಲ್ಲಿ ಲಗ್ನಪತ್ರಿಕೆ ಓದುವ ಹೊತ್ತು ಬೇರೆ, ಊಟದ ಹೊತ್ತು ಬೇರೆ ಬರೆಸಿ. ಬರೀ ಊಟದ ಹೊತ್ತು ಹಾಕಿದರೆ ತಾಂಬೂಲ ಬದಲಾಯಿಸುವಾಗ ಹಾಲ್ ಖಾಲಿ ಇರುತ್ತದೆ. ಭಾನುವಾರ ಸಂಜೆ 4.30ರಿಂದ 6 ರಾಹುಕಾಲ. ಹಿರಿಯರು ಆ ಹೊತ್ತಿನಲ್ಲಿ ಮನೆಯಿಂದ ಹೊರಡಲು ಒಪ್ಪುವುದಿಲ್ಲ. ಬೆಳಿಗ್ಗೆ ಇಟ್ಟುಕೊಂಡರೆ ಒಳ್ಳೆಯದು.

ಅಡುಗೆಯವರು ಎಲೆ ಲೆಕ್ಕ ಕೇಳುತ್ತಾರೆ. ಹಾಗಾಗಿ ನಾಲ್ಕೈದು ದಿನ ಮುಂಚೆ ಎಲ್ಲರಿಗೂ ಒಂದು ಫೋನ್ ಮಾಡಿ. "ಬರ್ತೀರಾ" ಅಂತ ಕೇಳಬೇಡಿ, "ಮನೆಯಿಂದ ಎಷ್ಟು ಜನ ಬರ್ತೀರಾ" ಅಂತ ಕೇಳಿ.

ಹುಬ್ಬಳ್ಳಿ ಕಡೆಯ ಅಣ್ಣ:
ನಮ್ಮ ಕಡೆಯವರು ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬರುತ್ತಾರೆ ತಂಗಿ. ಬೆಳಿಗ್ಗೆ ಸ್ನಾನಕ್ಕೆ ರೂಮು, ಬಿಸಿ ತಿಂಡಿ, ಚಹಾ ಇರಲಿ. ಕರೆಯುವಾಗಲೇ ಇದನ್ನು ಹೇಳಿಬಿಟ್ಟರೆ ಅವರಿಗೂ ನೆಮ್ಮದಿ. ಶಾಸ್ತ್ರಗಳು ಎರಡು ಕಡೆ ಒಂದೇ ಥರ ಇರುವುದಿಲ್ಲ. ಸೀರೆ, ಉಂಗುರ, ಹಣ್ಣಿನ ತಟ್ಟೆ ಯಾರು ತರಬೇಕು ಅನ್ನುವುದನ್ನು ಹಿರಿಯರು ಮೊದಲೇ ಮಾತಾಡಿಕೊಳ್ಳಲಿ.

ಇತ್ತೀಚೆಗೆ ಕರೆ ಬಾರದೆ ಉಳಿದ ಗೆಳತಿ:
ಕರೆಯದಿದ್ದದ್ದು ನನಗೆ ಅಷ್ಟು ನೋವಾಗಲಿಲ್ಲ. ಬೇರೆಯವರ ಸ್ಟೇಟಸ್‌ನಲ್ಲಿ ಫೋಟೋ ನೋಡಿ ವಿಷಯ ಗೊತ್ತಾಯಿತಲ್ಲ, ಅದು ನೋವಾಯಿತು. ಪಟ್ಟಿಯಿಂದ ಬಿಟ್ಟ ಹತ್ತಿರದವರಿಗೆ ನೀವೇ ಮೊದಲು ಫೋನ್ ಮಾಡಿ. "ಮನೆಯವರಷ್ಟೇ ಸೇರಿ ಮಾಡ್ತಿದ್ದೇವೆ, ಮದುವೆಗೆ ಎರಡು ದಿನ ಮುಂಚೆಯೇ ಬರಬೇಕು" ಅಂತ ಹೇಳಿ. ಹಾಗೆ ಹೇಳಿದ ಮೇಲೆ ಮದುವೆಗೆ ಅವರನ್ನು ಕರೆಯಲೇಬೇಕು, ಅದನ್ನು ಈಗಲೇ ಬರೆದಿಟ್ಟುಕೊಳ್ಳಿ.