ಕೋಟೆಯ ಮಣ್ಣಿಲ್ಲದೆ ಜಪಾನಿನಲ್ಲಿ ಬಿದ್ರಿ ಕೆಲಸ ಮಾಡುವುದು ಹೇಗೆ?

ಪ್ರಶ್ನೆ (ಬೀದರ್)

ಎಲ್ಲರಿಗೂ ನಮಸ್ಕಾರ. ತಂದೆಯವರಿಂದ ಕಲಿತ ಬಿದ್ರಿ ಕೆಲಸವನ್ನೇ ನಂಬಿಕೊಂಡಿರುವ ನನಗೆ, ಮುಂಬರುವ ಚಳಿಗಾಲವನ್ನು ಜಪಾನಿನ ಕುಮಾಮೊತೊ ನಗರದಲ್ಲಿ ಕಳೆದು, ಅಲ್ಲಿನ ಲೋಹದ ಕೆಲಸಗಾರರೊಂದಿಗೆ ದುಡಿಯುವ ಅವಕಾಶ ದೊರೆತಿದೆ. ಎರಕ ಹೊಯ್ದ ಹೂಜಿಗಳನ್ನು ಇಲ್ಲಿಂದಲೇ ಒಯ್ದು, ಕೆತ್ತನೆಯನ್ನೂ ಬೆಳ್ಳಿಯ ತಾರಕಶಿಯನ್ನೂ (ತಂತಿ ಕೂರಿಸುವ ಕೆಲಸ) ಅಲ್ಲಿ ಮಾಡಬಲ್ಲೆ. ಆದರೆ ಕೊನೆಯಲ್ಲಿ ಕಪ್ಪೇರಿಸಲು ಬೇಕಾದ ಬೀದರ್ ಕೋಟೆಯ ಮಣ್ಣನ್ನು ವಿಮಾನದಲ್ಲಿ ಒಯ್ಯಬಹುದೇ? ಇನ್ನೊಂದು ಅಳುಕೂ ಇದೆ. ವಾರಾಂತ್ಯಗಳಲ್ಲಿ ಜನರೆದುರು ಕುಳಿತು ಇಡೀ ವಿಧಾನವನ್ನು ತೋರಿಸಬೇಕೆಂದು ಕರೆದವರು ಕೇಳಿದ್ದಾರೆ. ಮನೆತನದ ವಿದ್ಯೆಯನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂಬುದು ನಮ್ಮ ಹಿರಿಯರ ಆತಂಕ. ಅಲ್ಲಿದ್ದು ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೀದರ್, ಬಿದ್ರಿ ಕೆಲಸಗಾರರು)

ಮೊದಲು ಮಣ್ಣಿನ ವಿಷಯ. ಕೀಟ ಮತ್ತು ರೋಗಗಳ ಭಯದಿಂದ ಜಪಾನಿನ ಸಸ್ಯ ಸಂರಕ್ಷಣಾ ಕಾನೂನು ಹೊರದೇಶದ ಮಣ್ಣನ್ನು ಒಳಗೆ ತರುವುದನ್ನು ನಿಷೇಧಿಸಿದೆ. ಒಂದು ಹಿಡಿಯನ್ನೂ ಚೀಲದಲ್ಲಿಡಬೇಡಿ. ಕಪ್ಪೇರಿಸುವಾಗ ಮಣ್ಣಿನ ಜೊತೆ ಬಳಸುವ ನವಸಾಗರಕ್ಕೆ (ಅಮೋನಿಯಂ ಕ್ಲೋರೈಡ್), ಕೋಟೆಯ ಮಣ್ಣಿನ ಬದಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಬೆರೆಸಿ ಪ್ರಯೋಗ ಮಾಡಿದವರಿದ್ದಾರೆ, ಆದರೆ ಪೆಟ್ಲುಪ್ಪನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಕೆತ್ತನೆ ಮತ್ತು ಬೆಳ್ಳಿಯ ಕೆಲಸವನ್ನಷ್ಟೇ ಮುಗಿಸಿ, ಕಪ್ಪೇರಿಸುವುದನ್ನು ಬೀದರಿಗೆ ಮರಳಿದ ಮೇಲೆ ಇಟ್ಟುಕೊಳ್ಳುವುದು ಲೇಸು. ಜನರಿಗೆ ತೋರಿಸಲು ಇಲ್ಲಿ ಪೂರ್ಣಗೊಳಿಸಿದ ಒಂದೆರಡು ವಸ್ತುಗಳು ಜೊತೆಗಿರಲಿ. ಉಳಿ, ಸುತ್ತಿಗೆ, ಅರಗಳನ್ನು ಕೈಚೀಲದಲ್ಲಿಡದೆ ದೊಡ್ಡ ಸಾಮಾನಿನಲ್ಲಿ ಹಾಕಿ.

ಕುಮಾಮೊತೊಗೆ ಹೋಗುತ್ತಿರುವುದು ನಿಮ್ಮ ಭಾಗ್ಯವೆಂದೇ ಹೇಳುತ್ತೇನೆ, ಏಕೆಂದರೆ ಅಲ್ಲಿಯ ಹಿಗೊ ಝೋಗಾನ್ ಎಂಬ ಲೋಹದ ಕಲೆ ನಮ್ಮ ಕಲೆಗೆ ತೀರ ಹತ್ತಿರದ್ದು. ನಾವು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಗೆರೆ ಕೊರೆದು, ಅದರೊಳಗೆ ತಂತಿ ಕೂರಿಸುತ್ತೇವೆ. ಅವರು ಕಬ್ಬಿಣದ ಮೇಲೆ ಬಟ್ಟೆಯ ನೇಯ್ಗೆಯಂತೆ ಸೂಕ್ಷ್ಮವಾದ ಗೀರುಗಳನ್ನು ಹಲವು ದಿಕ್ಕುಗಳಿಂದ ಹಾಕಿ, ಆ ಗೀರುಗಳು ಕಚ್ಚಿ ಹಿಡಿಯುವಂತೆ ಚಿನ್ನ ಬೆಳ್ಳಿಯ ತಗಡನ್ನು ಬಡಿಯುತ್ತಾರೆ. ಆಮೇಲೆ ಕಬ್ಬಿಣಕ್ಕೆ ಬೇಕೆಂದೇ ತುಕ್ಕು ಹಿಡಿಸಿ, ಚಹಾದ ನೀರಿನಲ್ಲಿ ಕುದಿಸುತ್ತಾರೆ. ಚಹಾದ ಒಗರು ತುಕ್ಕನ್ನು ತಡೆದು ಕಪ್ಪು ಬಣ್ಣ ತರುತ್ತದೆ. ನಾನು ಅಲ್ಲಿ ಕೆಲಸ ಮಾಡಲು ಹೋಗಿದ್ದಾಗ, ಅವರು ಆ ಪಾತ್ರೆಯನ್ನು ಒಲೆಯ ಮೇಲಿಟ್ಟ ದಿನ ಇಡೀ ಮಧ್ಯಾಹ್ನ ಪಕ್ಕದಿಂದ ಕದಲಲಿಲ್ಲ. ಅಲ್ಲಿ ಮಾತಿಗೆ ದುಭಾಷಿ ಬೇಕಾಗುತ್ತಿದ್ದರೂ, ಉಳಿಯ ಮೊನೆಯನ್ನು ಎಷ್ಟು ಓರೆಯಾಗಿ ಮಸೆಯಬೇಕೆಂಬ ಚರ್ಚೆಗೆ ಯಾರೂ ಬೇಕಾಗಲಿಲ್ಲ.

ಹಿರಿಯರಿಗೆ ಇದನ್ನೂ ತಿಳಿಸಿ. ಖಡ್ಗದ ಅಲಂಕಾರವನ್ನೇ ನೆಚ್ಚಿಕೊಂಡಿದ್ದ ಆ ಕುಶಲಿಗಳು, 1876ರಲ್ಲಿ ಖಡ್ಗ ಧರಿಸುವುದನ್ನು ಸರ್ಕಾರ ನಿಷೇಧಿಸಿದಾಗ ಆಸರೆ ಕಳೆದುಕೊಂಡು, ಆಭರಣಗಳತ್ತ ತಿರುಗಿ ಕಲೆಯನ್ನು ಉಳಿಸಿಕೊಂಡರು. ಹುಕ್ಕಾ, ಪಾನ್‌ದಾನ್ ಕೇಳುವವರು ಕಡಿಮೆಯಾದಾಗ ನಮ್ಮವರೂ ಇದೇ ಕಷ್ಟವನ್ನು ಕಂಡಿದ್ದಾರೆ. ಬಿದ್ರಿಯ ಭೌಗೋಳಿಕ ಸೂಚಕವು (ಊರಿನ ಹೆಸರಿನ ಕಲೆಗೆ ಕಾನೂನಿನ ರಕ್ಷಣೆ, ಜಿಐ) ಹೆಸರನ್ನು ಕಾಯುತ್ತದೆಯೇ ಹೊರತು ಕೈಚಳಕವನ್ನು ಬಚ್ಚಿಡುವುದಿಲ್ಲ. ಕೈಚಳಕವಂತೂ ಒಂದು ಮಧ್ಯಾಹ್ನ ನೋಡಿದವರಿಗೆ ಬರುವಂಥದ್ದಲ್ಲ. ಧೈರ್ಯವಾಗಿ ತೋರಿಸಿ. ಆದರೆ ಪ್ರದರ್ಶನದ ವೇಳೆಯನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ನಿಮ್ಮ ಸ್ವಂತ ಕೆಲಸಕ್ಕೆ ಸಮಯವೇ ಸಿಗದು.

ಉತ್ತರ 2 (ಕಲಬುರಗಿ, ಚಿತ್ರಕಲಾವಿದೆ)

ನಾನು ಕ್ಯೋಟೊದಲ್ಲಿ ಕೆಲಸ ಮಾಡಿದವಳು. ಸಸ್ಯಾಹಾರಿಗಳಾಗಿದ್ದರೆ ಎಚ್ಚರ ಬೇಕು: ತರಕಾರಿಯ ಸಾರಿನಲ್ಲೂ ಒಣಮೀನಿನ ರಸ ಇರುವುದು ಸಾಮಾನ್ಯ. ಸಮುದ್ರದ ಪಾಚಿಯಿಂದ ಮಾಡಿದ ರಸವೂ ಉಂಟು, ಕೇಳಿ ಪಡೆಯಿರಿ. ಶೇಂಗಾ ಹಿಂಡಿ ಒಯ್ದರೆ ಬಿಸಿ ಅನ್ನಕ್ಕೆ ಸಾಕಾಗುತ್ತದೆ. ಅಲ್ಲಿಯ ಗೆಳತಿಯರು ನನ್ನ ಡಬ್ಬಿಯನ್ನು ಬೇಗನೇ ಖಾಲಿ ಮಾಡಿದರು.

ಮನೆಯ ಹಳೆಯ ಬಿದ್ರಿ ವಸ್ತುಗಳನ್ನು ತೋರಿಸಲು ಒಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಪುರಾತನ ವಸ್ತುಗಳ ಕುರಿತ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಜ್ಜನವರ ಹುಕ್ಕಾ ಬುಡದ ಫೋಟೋಗಳನ್ನಷ್ಟೇ ಒಯ್ಯುತ್ತೇನೆ. ಕಪ್ಪೇರಿಸದ ಹೂಜಿಗಳ ಮೇಲೆ ಬೆಳ್ಳಿಯ ಗೆರೆ ಎದ್ದು ಕಾಣುವುದಿಲ್ಲವಲ್ಲ, ಅಲ್ಲಿ ಕೆತ್ತುವಾಗ ಏನು ಮಾಡಿದಿರಿ?

ಉತ್ತರ 1 ಬರೆದವರು

ಇಲ್ಲಿ ಮಾಡುವಂತೆಯೇ ಮೈಲುತುತ್ತದ ನೀರು ಸವರಿದೆ. ಅದು ಅಲ್ಲಿಯೂ ಸಿಗುತ್ತದೆ, ಇಲ್ಲಿಂದ ಒಯ್ಯಬೇಡಿ. ಆ ತಾತ್ಕಾಲಿಕ ಕಪ್ಪಿನ ಮೇಲೆ ಉಳಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಉಜ್ಜಿದರೆ ಹೋಗುತ್ತದೆ.