ಮಕ್ಕಳಿಗೆ ಪಾಪದ ಕೋಳಿ, ಹಿಮಕ್ಕೆ ಗಟ್ಟಿ ಕೋಳಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಶಿರಸಿ ಕಡೆಯ ತಂಗಿಯೊಬ್ಬಳು ಇಲ್ಲಿ ಕೇಳಿದ್ಳು, ಮಗಳಿಗೆ 6 ವರ್ಷ, ಹಿತ್ತಲಲ್ಲಿ ಮೂರ್ನಾಲ್ಕು ಕೋಳಿ ಸಾಕೋಣ ಅಂತಿದೀವಿ, ನಾವು ಮೊಟ್ಟೆ ಸಹ ತಿನ್ನಲ್ಲ, ಬರೀ ಮಗು ಅವುಗಳ ಜೊತೆ ಆಡ್ಕೊಂಡಿರ್ಲಿ ಹೇಳಿ, ಅಮೆರಿಕದ ಈ ಮಿನೆಸೋಟದ ಚಳಿ ತಡ್ಕೊಳ್ಳೋ ಪಾಪದ (ಸಾಧು ಸ್ವಭಾವದ) ಕೋಳಿ ಯಾವ್ದು ಅಂತ. ಕೆಳಗೇ ಉತ್ತರ ಬರೆಯೋಕೆ ಕೂತೆ, ಉದ್ದ ಆಗೋಯ್ತು, ಅದಕ್ಕೇ ಬೇರೆಯಾಗಿ ಹಾಕ್ತಿದೀನಿ.

ನಂದು ಅಂಕೋಲೆ ಹತ್ರದ ಹಳ್ಳಿ. ಊರ ಕೋಳಿಗಳು ಹಗಲೆಲ್ಲಾ ತೆಂಗಿನ ಬುಡ, ಗೊಬ್ಬರ ಗುಂಡಿ ಕೆದರ್ಕೊಂಡಿದ್ದು ಮುಸ್ಸಂಜೆಗೆ ತಾವಾಗೇ ಗೂಡಿಗೆ ಬರೋವು, ಆಯಿ ಒಂದೊಂದೇ ಎಣಿಸಿ ಬಾಗಿಲಿಗೆ ಹಲಗೆ ಒರಗಿಸಿ ಅದಕ್ಕೊಂದು ಕಲ್ಲು ಇಡ್ತಿದ್ಲು. ಊರಲ್ಲಿ ಯಾರೂ ತಳಿ ಗಿಳಿ ಅಂತ ಆರಿಸ್ತಾ ಕೂರಲ್ಲ, ಅಲ್ಲಿನ ಮಳೆ ಸೆಕೆ ಎರಡನ್ನೂ ತಡ್ಕೊಂಡು ಉಳಿದಿದ್ದೇ ಊರ ಕೋಳಿ. ಇಲ್ಲಿ ಮಾತ್ರ ಆರಿಸ್ಲೇಬೇಕು. ಮೊದಲ ವರ್ಷ ನಾನು ಮೊಟ್ಟೆ ಲೆಕ್ಕ ಒಂದೇ ನೋಡಿ ಬಿಳಿ ಲೆಗ್‌ಹಾರ್ನ್ ತಂದೆ. ಮೊಟ್ಟೆ ಇಡೋದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಮಗಳು ಹತ್ರ ಹೋದ್ರೆ ಸಾಕು ಹಾರಿ ಬೇಲಿ ಮೇಲೆ ಕೂರೋವು. ಜನವರೀಲಿ ಒಂದು ವಾರ ರಾತ್ರಿ ಮೈನಸ್ 28ಕ್ಕೆ ಇಳೀತು, ಬೆಳಿಗ್ಗೆ ಬಾಗಿಲು ತೆಗೆದು ನೋಡಿದ್ರೆ ಒಂದು ಕೋಳಿಯ ಜುಟ್ಟಿನ ತುದಿ ಸುಟ್ಟ ಹಪ್ಪಳದ ಅಂಚಿನ ಹಾಗೆ ಕರ್ರಗಾಗಿತ್ತು. ಮುಟ್ಟಿದ್ರೆ ಗಟ್ಟಿ. ಪಾಪ ಅದು ತಲೆ ಒಳಗೆಳ್ಕೊಂಡು ಮೂಲೇಲಿ ನಿಂತಿತ್ತು, ಮಗಳು ಅವತ್ತು ಸ್ಕೂಲಿಗೆ ಹೋಗ್ತಾ ದಾರಿಯುದ್ದಕ್ಕೂ ಅತ್ತಳು.

ಅದಕ್ಕೇ ಹೇಳೋದು, ಇಂಥಾ ಚಳಿ ಊರಲ್ಲಿ ಕೋಳಿ ತಗೊಳ್ಳೋವಾಗ ಮೊದಲು ಜುಟ್ಟು ನೋಡಿ, ಆಮೇಲೆ ಸ್ವಭಾವ, ಬಣ್ಣ ಗಿಣ್ಣ ಕೊನೆಗೆ. ಜುಟ್ಟು, ಗಂಟಲ ಕೆಳಗೆ ಜೋತಾಡೋ ಕೆಂಪು ತೊಗಲು ಇವೆರಡಕ್ಕೂ ಪುಕ್ಕದ ಹೊದಿಕೆ ಇಲ್ಲ, ಹಿಮ ಕಚ್ಚೋದು ಅಲ್ಲೇ. ಗರಗಸದ ಹಾಗೆ ಎತ್ತರಕ್ಕೆ ನಿಂತಿರೋ ಜುಟ್ಟಿಗೆ ಅಪಾಯ ಜಾಸ್ತಿ, ತಲೆಗೆ ಅಂಟ್ಕೊಂಡ ಹಾಗಿರೋ ಗಿಡ್ಡ ಜುಟ್ಟಿಗೆ ಕಡಿಮೆ.

ಈ ಲೆಕ್ಕದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಬ್ರಹ್ಮಾ. ಹೆಸರು ಬಂದಿದ್ದು ನಮ್ಮ ಬ್ರಹ್ಮಪುತ್ರಾ ನದಿಯಿಂದ, ತಳಿ ಬೆಳೆಸಿದ್ದು ಮಾತ್ರ ಅಮೆರಿಕದಲ್ಲಿ, ಶಾಂಘೈ ಬಂದರಿನಿಂದ ಬಂದ ದೊಡ್ಡ ಕೋಳಿಗಳಿಂದ. ಹೇಂಟೇನೇ 4 ಕೆಜಿ ದಾಟುತ್ತೆ, ಕಾಲಿನ ಬೆರಳವರೆಗೂ ಪುಕ್ಕ, ಜುಟ್ಟು ಸಣ್ಣ ಬಟಾಣಿ ಸಾಲಿನ ಹಾಗೆ. ಇಷ್ಟು ದೊಡ್ಡ ಜೀವ, ನಡೆಯೋದು ಮಾತ್ರ ನಿಧಾನ, ಮಕ್ಕಳು ಎತ್ಕೊಂಡ್ರೆ ಸುಮ್ನೆ ಕೂತಿರ್ತದೆ. ನಮ್ಮ ಮಗಳು ಗ್ಲೌಸ್ ತೆಗೆದು ಅದರ ರೆಕ್ಕೆ ಅಡಿ ಕೈ ತೂರಿಸ್ಕೊಂಡು ಕೂರ್ತಾಳೆ, ಹೊರಗೆ ಹಿಮ ಬೀಳ್ತಿದ್ರೂ ಅಲ್ಲಿ ಒಲೆ ಪಕ್ಕದ ಹಾಗೆ ಬೆಚ್ಚಗೆ, ಕೋಳಿ ಮೈ ಬಿಸಿ ನಮಗಿಂತ ಹೆಚ್ಚು, 41 ಡಿಗ್ರಿ ಹತ್ರ. ಒಂದೇ ತಾಪತ್ರಯ, ಒದ್ದೆ ಹಿಮದಲ್ಲಿ ಓಡಾಡಿದ್ರೆ ಕಾಲಿನ ಪುಕ್ಕಕ್ಕೆ ಮಂಜುಗಡ್ಡೆ ಉಂಡೆ ಕಟ್ಟುತ್ತೆ, ಸಂಜೆ ನೋಡಿ ಬಿಡಿಸ್ಬೇಕು.

ಚಳಿಗೇ ಹುಟ್ಟಿದ್ದು ಅಂದ್ರೆ ಶಾಂಟಿಕ್ಲೇರ್. ಕೆನಡಾದ ಕ್ವೆಬೆಕ್‌ನಲ್ಲಿ ಓಕಾ ಅನ್ನೋ ಕಡೆ ಮಠದಲ್ಲಿದ್ದ ಕ್ರೈಸ್ತ ಸನ್ಯಾಸಿಯೊಬ್ರು, ಬ್ರದರ್ ವಿಲ್ಫ್ರೆಡ್, 20ನೇ ಶತಮಾನದ ಶುರುವಲ್ಲಿ ವರ್ಷಗಟ್ಟಲೆ ಕೂತು ಅಲ್ಲಿನ ಚಳಿಗಂತಲೇ ಮಾಡಿದ ತಳಿ, ಜುಟ್ಟು ಗುಂಡಿಯಷ್ಟು, ಗಂಟಲ ತೊಗಲು ಇದ್ದೂ ಇಲ್ಲದ ಹಾಗೆ. ಎಲ್ಲಾ ಕಡೆ ಸಿಗಲ್ಲ, ಸಿಕ್ಕಿದ್ರೆ ಬಿಡಬೇಡಿ. ವಯಾಂಡಾಟ್ ಕೂಡ ಅಡ್ಡಿಲ್ಲ, ನೋಡೋಕಂತೂ ಚಂದ, ಕೆಲವು ಸ್ವಲ್ಪ ಜೋರು ಮಾಡ್ತವೆ. ಬಫ್ ಆರ್ಪಿಂಗ್ಟನ್ ಜುಟ್ಟು ಗರಗಸದ್ದೇ, ಆದ್ರೆ ಪುಕ್ಕ ದಟ್ಟ, ಸ್ವಭಾವ ಬೆಣ್ಣೆ. ನಮ್ಮಲ್ಲಿ ಒಂದಿದೆ, ಬಣ್ಣ ನೋಡಿ ಮಗಳು ಅಬ್ಬಲಿಗೆ ಅಂತ ಹೆಸರಿಟ್ಟಿದಾಳೆ, ಬೇಸಿಗೆ ಬಂತು ಅಂದ್ರೆ ಕಾವಿಗೆ ಕೂತ್ಕೊಂಡ್ಬಿಡುತ್ತೆ, ಎಬ್ಬಿಸೋದೇ ಒಂದು ಕೆಲ್ಸ. ಸಿಲ್ಕಿ ಅಂತ ಬೆಕ್ಕಿನ ಮರಿ ಹಾಗಿರೋದನ್ನ ನೋಡಿ ಮಕ್ಕಳು ಹಠ ಮಾಡ್ತಾರೆ, ಪಾಪದ್ದೇ, ಆದ್ರೆ ಅದರ ಪುಕ್ಕ ನೀರು ತಡೆಯಲ್ಲ, ಒದ್ದೆ ಚಳಿಗೆ ಆಗಲ್ಲ.

ತಂಗೀ, ನಿಮಗೆ ಮೊಟ್ಟೆ ಬೇಡ ಅಂದ್ರಲ್ಲ, ಅದು ಒಂಥರಾ ಅನುಕೂಲಾನೇ. ವರ್ಷಕ್ಕೆ 280, 300 ಮೊಟ್ಟೆ ಇಡೋ ಕೋಳಿಗಳಿಗೆ ಮೊಟ್ಟೆ ಚೀಲದ ಕಾಯಿಲೆ ಜಾಸ್ತಿ, ಮೂರ್ನಾಲ್ಕು ವರ್ಷಕ್ಕೇ ಸೋತು ಹೋಗೋವು ಎಷ್ಟೋ. ಮಗುವಿನ ಜೊತೆ ತುಂಬಾ ವರ್ಷ ಇರ್ಲಿ ಅಂತಿದ್ರೆ ಕಡಿಮೆ ಇಡೋ ಬ್ರಹ್ಮಾ, ಕೊಚ್ಚಿನ್ ಥರದ್ದೇ ಸರಿ. ಆದ್ರೆ ಇಟ್ಟಿದ್ದನ್ನ ದಿನಾ ತೆಗೀಲೇಬೇಕು, ಬಿಟ್ರೆ ಒಡೆದು ತಿನ್ನೋ ಚಟ ಹತ್ತುತ್ತೆ. ಪಕ್ಕದ ಮನೆಯವ್ರಿಗೆ ಕೊಡಿ, ಬಾಂಧವ್ಯನೂ ಬೆಳೆಯುತ್ತೆ.

ಇನ್ನು ಗೂಡು. ಮೇಲಿನ ಜುಟ್ಟಿನ ಕಥೇಲಿ ತಪ್ಪು ಬರೀ ತಳಿದಲ್ಲ, ಚಳಿ ಒಳಗೆ ಹೋಗ್ಬಾರ್ದು ಹೇಳಿ ನಾನು ಗೂಡಿನ ಒಂದೊಂದು ಸಂದಿಗೂ ಪ್ಲಾಸ್ಟಿಕ್ ಹೊಡೆದಿದ್ದೆ. ಆ ದಿನ ವಿಡಿಯೋ ಕಾಲಲ್ಲಿ ಆಯಿಗೆ ತೋರಿಸ್ತಿದ್ದೆ, ಗೂಡಿನ ಕಿಟಕಿ ಗಾಜಿನ ಒಳಗಡೆ ನೀರು ಹನಿ ಹನಿ ಹೆಪ್ಪುಗಟ್ಟಿತ್ತು. ಅವಳು ಜುಟ್ಟನ್ನ ನೋಡ್ಲೇ ಇಲ್ಲ, ಗಾಜನ್ನೇ ನೋಡಿ ಅಂದ್ಳು, “ಒಳಗೆಲ್ಲಾ ಥಂಡಿ ಕೂತದೆ ಮಾರಾಯ್ತಿ, ಮಳೆಗಾಲದಲ್ಲಿ ನಾವು ಮಾಡಿನ ಅಡಿಗೆ ಕಿಂಡಿ ಬಿಡ್ತಿರ್ಲಿಲ್ವಾ, ಉಸಿರು ಕಟ್ಟಿದ್ರೆ ಉಳೀತದ್ಯಾ ಅದು?” ಸತ್ಯ ಅದೇ. ಕೋಳಿ ಉಸಿರು, ಹಿಕ್ಕೆ ಎರಡರಿಂದಲೂ ತೇವ ಏಳುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಜುಟ್ಟಿನ ಮೇಲೇ ಕೂರುತ್ತೆ. ಒಣ ಚಳಿ ತಡ್ಕೊಳ್ತವೆ, ಒದ್ದೆ ಚಳಿ ತಡ್ಕೊಳ್ಳಲ್ಲ. ಅವತ್ತೇ ಪ್ಲಾಸ್ಟಿಕ್ ಕಿತ್ತು, ಮಾಡಿನ ಕೆಳಗೆ, ಕೋಳಿ ಕೂರೋ ಮಟ್ಟಕ್ಕಿಂತ ಮೇಲೆ ಎರಡೂ ಕಡೆ ಕಿಂಡಿ ಬಿಟ್ವಿ, ಕೂತಲ್ಲಿಗೆ ಗಾಳಿ ಬೀಸ್ದೇ ಇರೋ ಹಾಗೆ. ಕೂರೋ ಅಡ್ಡಪಟ್ಟಿ ಅಗಲ ಇರ್ಲಿ, ಬೆರಳ ಮೇಲೇ ಮೈ ಊರಿ ಮುಚ್ಕೊಳ್ತವೆ. ನೆಲಕ್ಕೆ ಮರದ ಹೆರೆ ದಪ್ಪಕ್ಕೆ. ನೀರು ಹೆಪ್ಪುಗಟ್ಟದ ಹಾಗೆ ಬಿಸಿ ತಟ್ಟೆ ಸಿಗುತ್ತೆ, ಅದು ಬೇಕೇ ಬೇಕು. ಹೀಟ್ ಲ್ಯಾಂಪ್ ಮಾತ್ರ ಹಾಕ್ಬೇಡಿ ದಯವಿಟ್ಟು, ಒಣ ಹೆರೆ ಮೇಲೆ ಬಿದ್ರೆ ಗೂಡೇ ಸುಟ್ಟು ಹೋಗುತ್ತೆ.

ಊರಲ್ಲಿ ಮುಂಗುಸಿ, ಹಾವು, ಗಿಡುಗ, ಇಲ್ಲಿ ರಕೂನ್ ಅನ್ನೋ ಕಾಡುಪ್ರಾಣಿ. ಅದು ಕೈಯಿಂದ ಚಿಲಕ ತೆಗೆಯುತ್ತೆ, ನಿಜವಾಗ್ಲೂ. ಕೋಳಿ ಬಲೆ ಅಂತ ಮಾರೋ ತೆಳು ತಂತೀನ ಹರಿದು ಹಾಕುತ್ತೆ, ಅರ್ಧ ಇಂಚಿನ ಗಟ್ಟಿ ಜಾಲರಿನೇ ಹಾಕಿ.

ಮಕ್ಕಳ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಕೋಳಿ ಎಷ್ಟೇ ಆರೋಗ್ಯವಾಗಿ ಕಂಡ್ರೂ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ರೋಗಾಣು ಇರಬಹುದು, ಮುಟ್ಟಿದ ಪ್ರತಿ ಸಲ ಸೋಪು ಹಾಕಿ ಕೈ ತೊಳೀಬೇಕು, ಮುತ್ತು ಕೊಡೋದು ಬೇಡ, 5 ವರ್ಷದೊಳಗಿನ ಮಕ್ಕಳ ಕೈಗೆ ಕೊಡೋದೇ ಬೇಡ. ಹಾಗೇ ನಿಮ್ಮ ಸಿಟಿ ನಿಯಮ ಮೊದಲೇ ಕೇಳಿ, ತುಂಬಾ ಕಡೆ ಹುಂಜ ಬಿಡಲ್ಲ, ಹೆಣ್ಣು ಮರಿ ಅಂತ ತಂದಿದ್ದು ನಾಲ್ಕು ತಿಂಗಳಿಗೆ ಕೂಗೋಕೆ ಶುರು ಮಾಡಿದ್ರೆ ಎಲ್ಲಿಗೆ ಕೊಡೋದು ಅಂತ ಈಗ್ಲೇ ಯೋಚಿಸಿ, ಮಗು ಹೆಸರಿಟ್ಟ ಮೇಲೆ ಕಷ್ಟ.

ನಮ್ಮ ಮಗಳು ನಾವು ಕನ್ನಡದಲ್ಲಿ ಕೇಳಿದ್ರೂ ಇಂಗ್ಲಿಷಲ್ಲೇ ಉತ್ತರ ಕೊಡ್ತಾಳೆ, ಆ ಬೇಜಾರು ಇಲ್ಲಿ ಎಲ್ಲರಿಗೂ ಗೊತ್ತಿರೋದೇ. ಕೋಳಿಗಳ ಹತ್ರ ಮಾತ್ರ ಕನ್ನಡ. ಮೊದಲ ದಿನದಿಂದ ನಾನು ಕಾಳು ಹಾಕ್ತಾ ಆಯಿ ಕರೀತಿದ್ದ ಹಾಗೇ ಬಾ ಬಾ ಬಾ ಅಂತಿದ್ದೆ, ಅವಕ್ಕೂ ಅದೇ ಅಭ್ಯಾಸ, ಇವಳಿಗೂ. ಈಗ “ಅಬ್ಬಲಿಗೆ, ಇಲ್ಲಿ ಬಾ, ಅವಳಿಗೆ ಕುಕ್ಬೇಡ” ಅಂತ ಬೈತಿರ್ತಾಳೆ, ನಾನು ಅಡುಗೆ ಮನೆ ಕಿಟಕೀಲಿ ನಿಂತು ಕೇಳಿಸ್ಕೊಳ್ತೀನಿ.

ಮರಿ ತರೋದಿದ್ರೆ ಏಪ್ರಿಲ್, ಮೇ ಒಳಗೆ ತನ್ನಿ ತಂಗೀ, ಚಳಿಗಾಲಕ್ಕೆ ಪುಕ್ಕ ತುಂಬಿ ದೊಡ್ಡವಾಗಿರ್ತವೆ. ಅದಕ್ಕೂ ಮುಂಚೆ ಒಂದು ಶನಿವಾರ ಮಗಳನ್ನ ಕರ್ಕೊಂಡು ನಮ್ಮನೆಗೆ ಬನ್ನಿ, ಅವಳು ಯಾವುದರ ಪಕ್ಕ ಕೂರ್ತಾಳೆ ನೋಡಿ ಆಮೇಲೆ ಆರ್ಡರ್ ಮಾಡಿ. ಹಳೇ ಬೂಟು ಹಾಕ್ಕೊಂಡು ಬನ್ನಿ, ಹಿಮ ಕರಗಿ ಹಿತ್ತಲೆಲ್ಲಾ ಕೆಸರು.