ಓದುಗರ ಸ್ಪಂದನ: ಹಳೇ ಫೋಟೋಗಳ ಕೆಲಸ ಹಿಡಿಯಲೇ?

ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಜೋಡಿಸಿಕೊಡುವ ಕೆಲಸವನ್ನು ಮನೆಯಲ್ಲೇ ಶುರು ಮಾಡುವ ಆಸೆ ಸಾಗರದ ಓದುಗರೊಬ್ಬರದು. ‘ಎಲ್ಲರ ಕೈಲೂ ಮೊಬೈಲ್ ಇದೆ, ಇದಕ್ಕೆ ದುಡ್ಡು ಕೊಡುವವರು ಯಾರು?’ ಎನ್ನುತ್ತಾರಂತೆ ಮನೆಯವರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. –ಸಂ.

ತಂಗೀ, ನಿನ್ನ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ನಮ್ಮ ಓಣಿಗೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲೇ ಹೊರಬಿದ್ದೆವು. ನೀರಿಳಿದ ಮೇಲೆ ಬಂದು ಟ್ರಂಕು ತೆಗೆದರೆ ಆಲ್ಬಮ್ ಕೆಸರಿನ ಮುದ್ದೆಯಾಗಿತ್ತು. ತಣ್ಣೀರಿನಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಬೇಕು, ಒಟ್ಟಿಗೆ ಒಣಗಿದರೆ ಕೆಟ್ಟವು ಎಂದು ಹೇಳುವವರು ಆಗ ಯಾರೂ ಇರಲಿಲ್ಲ. ಅವ್ವ-ಅಪ್ಪನ ಮದುವೆ ಫೋಟೋ ಬಿಡಿಸುವಾಗ ಅವ್ವನ ಮುಖ ಪಕ್ಕದ ಫೋಟೋದ ಬೆನ್ನಿಗೆ ಅಂಟಿ ಎದ್ದು ಬಂತು. ಬಾಸಿಂಗ ಇದೆ, ದಂಡೆ ಇದೆ, ಸೀರೆಯ ಅಂಚೂ ಕಾಣುತ್ತದೆ. ಮುಖದ ಜಾಗ ಮಾತ್ರ ಬಿಳಿ ಕಾಗದ.

ಅದರದೇ ಇನ್ನೊಂದು ಪ್ರತಿ ಸೊಲ್ಲಾಪುರದ ಚಿಕ್ಕವ್ವನ ಮನೆಯಲ್ಲಿತ್ತು. ನಾವು ಕೇಳುವ ಹೊತ್ತಿಗೆ ಚಿಕ್ಕವ್ವ ತೀರಿಹೋಗಿದ್ದಳು, ಮನೆ ಖಾಲಿ ಮಾಡುವಾಗ ಮಕ್ಕಳು ಅದನ್ನೂ ರದ್ದಿಗೆ ಹಾಕಿದ್ದರು. ಹಿಂದೆ ಒಂದಕ್ಷರ ಬರೆದಿರಲಿಲ್ಲ, ಯಾರದೆಂದು ಅವರಿಗಾದರೂ ಹೇಗೆ ತಿಳಿಯಬೇಕು?

ಯಾವ ಸ್ಕ್ಯಾನರ್ ಎಂದು ಕೇಳಿದ್ದೀಯ. ಅದು ನನಗೆ ತಿಳಿಯದ ವಿಷಯ. ಯಾರ ಮನೆಗೆ ಹೋದರೂ ಮೊದಲು ಅಲ್ಲಿಯ ಹಿರಿಯರ ಪಕ್ಕ ಕೂತು ಒಂದೊಂದು ಮುಖಕ್ಕೂ ಹೆಸರು ಬರೆಸಿಕೋ. ಈ ಕೆಲಸವನ್ನು ಖಂಡಿತ ಮಾಡು.
–ನಿವೃತ್ತ ಶಿಕ್ಷಕಿ, ಗೋಕಾಕ

ಹೀಗೆ ಬರೆದವರು ಇನ್ನೂ ಇದ್ದಾರೆ. ಒಪ್ಪದ ದನಿಯೂ ಇದೆ. –ಸಂ.

ಅಷ್ಟುದ್ದದ ಪತ್ರದಲ್ಲಿ ಒಂದು ಫೋಟೋಗೆ ಎಷ್ಟು ತಗೊಳ್ತೀರಿ ಎಂಬ ಮಾತೇ ಇಲ್ಲ. ಲೆಕ್ಕ ಹಾಕದೆ ಮನೆಯವರನ್ನು ದೂರಬೇಡಿ.
–ವ್ಯಾಪಾರಿ, ದಾವಣಗೆರೆ

ಲೆಕ್ಕ ಬೇಕು, ನಿಜ. ಯಾವ ಕೆಲಸಕ್ಕೆ ಲೆಕ್ಕ ಎಂಬುದನ್ನು ಮುಂದಿನ ಪತ್ರ ಹೇಳುತ್ತದೆ. –ಸಂ.

ಸ್ಟುಡಿಯೊ ನಡೆಸಿ ಬಿಟ್ಟವನು ನಾನು. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳಲು ಹೋಗಬೇಡಿ. ಡೆಂಟಲ್ ಫ್ಲಾಸ್ ದಾರವನ್ನು ಅಡಿಗೆ ತೂರಿಸಿ, ಅತ್ತಿತ್ತ ಎಳೆಯುತ್ತ ನಿಧಾನವಾಗಿ ಬಿಡಿಸಿ. ಬರಲಿಲ್ಲವೋ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಕಚ್ಚಿಕೊಂಡಿದ್ದರೆ ಗಾಜಿನ ಸಮೇತ. ಇದ್ದ ಅಳತೆಗೇ ಪ್ರಿಂಟ್ ಹಾಕಿಸುವುದಾದರೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ದೊಡ್ಡದು ಮಾಡಿಸುವವರಿಗೆ 600 ಇರಲಿ. ಸ್ಕ್ಯಾನಿನ ಮೂಲ ಪ್ರತಿಯನ್ನು ಗುಣ ಕುಂದದ ಟಿಫ್ ಫೈಲಿನಲ್ಲಿಟ್ಟು, ವಾಟ್ಸಾಪಿಗೆ ಹಗುರವಾದ ಜೆಪೆಗ್ ಫೈಲು ಕೊಡಿ. ಬೆನ್ನನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊ ಸೀಲು, ತಾರೀಖು ಎಷ್ಟೋ ಸಲ ಅಲ್ಲೇ ಸಿಗುತ್ತವೆ. ನೆಗೆಟಿವ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಸಮಯ ತಿನ್ನುವುದು ಸ್ಕ್ಯಾನಿಂಗ್ ಅಲ್ಲ, ವಿಂಗಡಣೆ. ಅದಕ್ಕೆ ಬೇರೆಯೇ ದರ ಹಾಕಿ, ಸಂಕೋಚ ಬೇಡ.
–ಛಾಯಾಗ್ರಾಹಕ, ಮೈಸೂರು

ಹಾರ್ಡ್‌ಡಿಸ್ಕ್ ಕೆಟ್ಟರೆ? ನಮ್ಮಜ್ಜನ ಕಪ್ಪು-ಬಿಳುಪು ಫೋಟೋ ಶಿರಸಿಯ ಇಷ್ಟು ಮಳೆಗಾಲ ಕಂಡೂ ಗೋಡೆಯ ಮೇಲೆ ಸ್ಪಷ್ಟವಾಗಿದೆ. ಸ್ಕ್ಯಾನ್ ಆಯಿತೆಂದು ಮೂಲ ಎಸೆಯುವವರಿಗೆ ಈಗಲೇ ಬುದ್ಧಿ ಹೇಳಿ.
–ಗೃಹಿಣಿ, ಶಿರಸಿ

ಮೂಲ ಉಳಿಯಲಿ, ಪ್ರತಿಯೂ ಎರಡು ಕಡೆ ಇರಲಿ. ಸಾಗರದ ಓದುಗರು ದರಪಟ್ಟಿ ಬರೆದ ಮೇಲೆ ನಮಗೂ ಒಂದು ಪ್ರತಿ ಕಳಿಸಲಿ. ಹೆಸರು ಬರೆಸಿಕೊಳ್ಳುವ ಕೆಲಸಕ್ಕೆ ಎಷ್ಟಿಟ್ಟರು ಎಂದು ತಿಳಿಯುವ ಆಸೆ. –ಸಂ.